ಗಾಜಿನಲ್ಲಿ ಕಂಡ ಧ್ವನಿ

ಫ್ರಾನ್ಸಿನ ಶಾರ್ತ್ರ್ ನಗರದ ಮಹಾ ಇಗರ್ಜಿಯನ್ನು ನಾನು ಮೊದಲು ನೋಡಿದ್ದು ಹೊರಗಿನಿಂದ. ಜಗತ್ಪ್ರಸಿದ್ಧವಾದ ಅದರ ಬಣ್ಣಗಾಜಿನ ಕಿಟಕಿಗಳು ಮಸಿ ಹಿಡಿದ ಹಲಗೆಗಳಂತೆ ಕಂಡವು. ಒಳಗೆ ಹೋಗಿ, ಕಣ್ಣು ಮಬ್ಬಿಗೆ ಹೊಂದಿಕೊಂಡ ಮೇಲೆ, ಅವೇ ಕಿಟಕಿಗಳು ನೀಲಿ ಕೆಂಪುಗಳಲ್ಲಿ ಬೆಳಗಿದವು. ಈ ಕಲೆಯ ಮೂಲಸಂಕೇತವೇ ಇದು: ಇಲ್ಲಿ ಬೆಳಕೆಂದರೆ ದೈವ. ಗಾಜನ್ನು ಭೇದಿಸದೆ ಹಾದುಬರುವ ಸೂರ್ಯಕಿರಣವನ್ನು ಮಧ್ಯಯುಗದ ಕ್ರೈಸ್ತರು ಕನ್ಯೆ ಮರಿಯಳಲ್ಲಿ ಕ್ರಿಸ್ತನು ಅವತರಿಸಿದುದಕ್ಕೆ ಹೋಲಿಸುತ್ತಿದ್ದರು.

1194ರ ಬೆಂಕಿಯಲ್ಲಿ ಹಳೆಯ ಕಟ್ಟಡ ಬಹುಮಟ್ಟಿಗೆ ನಾಶವಾದ ಮೇಲೆ ಈಗಿನ ಇಗರ್ಜಿ ಎದ್ದಿತು. ಕಿಟಕಿಗಳಲ್ಲಿ ಹೆಚ್ಚಿನವು 13ನೆಯ ಶತಮಾನದ ಪೂರ್ವಾರ್ಧದವು. ಕೋಬಾಲ್ಟಿನಿಂದ ನೀಲಿ, ತಾಮ್ರದಿಂದ ಕೆಂಪು. ತುಂಡುಗಳನ್ನು ಹಿಡಿದಿಡಲು ಸೀಸದ ಪಟ್ಟಿ. ಮುಖದ ಗೆರೆ, ಬಟ್ಟೆಯ ನೆರಿಗೆಗಳನ್ನು ಕಪ್ಪು ಬಣ್ಣದಲ್ಲಿ ಬರೆದು ಸುಡುತ್ತಿದ್ದರು.

ಅವುಗಳಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದುದು ಸಮಾರ್ಯದವನ ಕಿಟಕಿ. ಲೂಕನ ಸುವಾರ್ತೆಯ ಈ ಕಥೆ ಕೇಳುಗರಲ್ಲಿ ಹಲವರಿಗೆ ಪರಿಚಿತ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದು ಹೋಗುತ್ತಿದ್ದವನನ್ನು ಕಳ್ಳರು ಹೊಡೆದು ಕೆಡಹುತ್ತಾರೆ. ಯಾಜಕನೂ ಲೇವಿಯನೂ ಕಂಡೂ ಕಾಣದಂತೆ ಸಾಗುತ್ತಾರೆ. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನೊಬ್ಬ ಗಾಯ ಕಟ್ಟಿ, ಛತ್ರಕ್ಕೆ ಒಯ್ದು ಉಪಚರಿಸುತ್ತಾನೆ. ಕಿಟಕಿಯನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕಥೆ ಛತ್ರಕ್ಕೆ ಮುಟ್ಟಿದೊಡನೆ, ಮೇಲಿನ ಚಿತ್ರಗಳಲ್ಲಿ ಆದಾಮನ ಸೃಷ್ಟಿ, ಹವ್ವಳೊಡನೆ ಅವನ ಪತನ, ಏದೆನಿನಿಂದ ಉಚ್ಚಾಟನೆ, ತುದಿಯಲ್ಲಿ ಕ್ರಿಸ್ತ.

ಇವೆರಡು ಕಥೆಗಳಿಗೆ ಸಂಬಂಧವೇನು? 3ನೆಯ ಶತಮಾನದ ಒರಿಗೆನ್ ದಾಖಲಿಸಿರುವ ವ್ಯಾಖ್ಯಾನವೊಂದರಲ್ಲಿ ಉತ್ತರವಿದೆ. ಗಾಯಗೊಂಡವನು ಆದಾಮ, ಎಂದರೆ ಮನುಷ್ಯಕುಲ. ಯೆರೂಸಲೇಮು ಸ್ವರ್ಗ, ಯೆರಿಕೋ ಲೋಕ. ಯಾಜಕ ಧರ್ಮಶಾಸ್ತ್ರ, ಲೇವಿಯ ಪ್ರವಾದಿಗಳು. ಸಮಾರ್ಯದವನೇ ಕ್ರಿಸ್ತ, ಛತ್ರವೇ ಸಭೆ.

ವ್ಯಾಖ್ಯಾನ ಸುಂದರವಾದುದು. ಆದರೂ ನನಗೆ ಅಳುಕಾಯಿತು. ಸಮಾರ್ಯದವನು ಕ್ರಿಸ್ತನೇ ಆಗಿಬಿಟ್ಟರೆ ನಮಗೆ ಉಳಿಯುವುದು ಬಿದ್ದವನ ಪಾತ್ರ ಮಾತ್ರ. ಗಾಯ ಕಟ್ಟುವ ಹೊಣೆ ಜಾರಿಹೋಗುತ್ತದೆ. ನನ್ನ ನೆರೆಯವನು ಯಾರು ಎಂದು ಕೇಳಿದವನಿಗೆ ಯೇಸು ಹೇಳಿದ ಕಥೆಯಲ್ಲವೆ ಇದು?

ಆನಂದವರ್ಧನನ ಘಟಪ್ರದೀಪನ್ಯಾಯ ಆಗ ನೆನಪಾಯಿತು. ದೀಪವು ಮಡಕೆಯನ್ನು ತೋರಿಸುವಾಗ ತಾನು ಆರಿಹೋಗುವುದಿಲ್ಲ. ಹಾಗೆಯೇ ವ್ಯಂಗ್ಯಾರ್ಥ ಹೊಳೆದಾಗಲೂ ವಾಚ್ಯಾರ್ಥ ಉಳಿದಿರುತ್ತದೆ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ವಿವರಿಸಿದ ನಾನೇ, ಪದ್ಯ ಓದಿಸುವಾಗ ವಾಚ್ಯವನ್ನು ಅವಸರದಿಂದ ದಾಟಿಸಿ ಧ್ವನಿಯ ಕಡೆಗೆ ವಿದ್ಯಾರ್ಥಿಗಳನ್ನು ಎಳೆದೊಯ್ದದ್ದುಂಟು.

ಶಾರ್ತ್ರಿನ ಕುಶಲಿಗಳು ಹಾಗೆ ಮಾಡಲಿಲ್ಲ. ಆದಾಮನ ಕಥೆ ಮೇಲಿದ್ದರೂ, ನೋಡುವವರಿಗೆ ಹತ್ತಿರವಾದ ಕೆಳಭಾಗದಲ್ಲಿ ದಾರಿಹೋಕನಿದ್ದಾನೆ, ಅವನ ಗಾಯ ಕಟ್ಟುವ ಕೈಗಳಿವೆ. ಅದಕ್ಕೂ ಕೆಳಗೆ, ತೀರ ತಳದಲ್ಲಿ, ಪಾದರಕ್ಷೆ ಹೊಲಿಯುವವರು ತಮ್ಮ ಕೆಲಸದಲ್ಲಿ ತೊಡಗಿದ್ದಾರೆ. ನಡೆಯುವವರ ಕಾಲನ್ನು ಕಾಯುವ ಕಸುಬು ಅವರದು. ಆ ಕಥೆಗೆ ಅವರಿಗಿಂತ ತಕ್ಕ ಅಡಿಪಾಯ ನನಗೆ ತೋರಲಿಲ್ಲ.