ಲ್ಯಾಪ್‌ಟಾಪಿನ ವಾದ್ಯ: ಕದ್ದದ್ದು ಬೇಡ, ಎರಡು ಮೂರು ಸಾಕು

"ಯಾವ ಸಾಫ್ಟ್‌ವೇರ್ ಹಾಕಿದ್ರೆ ಈ ಡಿಜೆ ಸೌಂಡ್ ಬರ್ತದೆ?" ನಾವು ಮೂವರು ಗೆಳೆಯರು ಸೇರಿ ಮಾಡಿದ ಟ್ರ್ಯಾಕ್ ಕೇಳಿದ ಹುಡುಗರ ಮೊದಲ ಪ್ರಶ್ನೆ ಇದು. ಎರಡನೆಯದು ನಮಗೆ ಬಾಯಿಪಾಠವೇ ಆಗಿದೆ: "ಅದರ ಕ್ರ್ಯಾಕ್ ಉಂಟಾ?"

ನಾವೂ ಒಂದು ಕಾಲದಲ್ಲಿ ಇದನ್ನೇ ಕೇಳಿದವರು. ಗಲ್ಫ್‌ನಿಂದ ಅಣ್ಣ ತಂದುಕೊಟ್ಟ ಲ್ಯಾಪ್‌ಟಾಪಿನಲ್ಲಿ ನಲವತ್ತಕ್ಕೂ ಹೆಚ್ಚು ಕದ್ದ ಪ್ಲಗಿನ್‌ಗಳನ್ನು ತುಂಬಿಸಿದ್ದೆವು. ಒಂದು ದಿನ ಗ್ರೂಪಿನಲ್ಲಿ ಬಂದ ಲಿಂಕ್‌ನಿಂದ ಮತ್ತೊಂದನ್ನು ಇಳಿಸಿದೆವು. ಆಂಟಿವೈರಸ್ ಬಂದ್ ಮಾಡಿ ಎಂದು ಅದರಲ್ಲಿತ್ತು, ಮಾಡಿದೆವು. ಮರುದಿನ ಬೆಳಿಗ್ಗೆ ಒಂದು ಫೈಲೂ ತೆರೆಯಲಿಲ್ಲ. ಬಿಡಿಸಿಕೊಡಲು ಹಣ ಕೇಳುವ ಒಂದು ಚೀಟಿ ಮಾತ್ರ ಪರದೆಯ ಮೇಲೆ. ಹೋದ ಟ್ರ್ಯಾಕ್‌ಗಳನ್ನು ಮತ್ತೆ ಮಾಡಬಹುದು. ಆದರೆ ಪಕ್ಕದ ಮನೆಯ ಅಜ್ಜಿ ಹೇಳಿದ ಮದುವೆ ಹಾಡಿನ ರೆಕಾರ್ಡಿಂಗ್ ಕೂಡ ಅದರಲ್ಲೇ ಇತ್ತು. ಬೇರೆ ಕಡೆ ಪ್ರತಿ ಇರಲಿಲ್ಲ. ಆ ಅಜ್ಜಿ ಈಗ ನಮ್ಮ ಜೊತೆ ಇಲ್ಲ.

ಹಾಗಾಗಿ ಈ ಹಾದಿಗೆ ಹೊಸದಾಗಿ ಬರುವವರಿಗೆ ನಾಲ್ಕು ಮಾತು ಹೇಳಬೇಕು ಅನಿಸಿತು.

ಸಂಗೀತ, ವಾದ್ಯ ಇವು ಸರಿಯೋ ಅಲ್ಲವೋ ಎಂಬ ಚರ್ಚೆ ಉಲಮಾಗಳದ್ದು, ಅದಕ್ಕೆ ನಾವು ಕೈ ಹಾಕುವುದಿಲ್ಲ. ಕ್ರ್ಯಾಕ್ ವಿಷಯ ಮಾತ್ರ ಸ್ಪಷ್ಟ ಉಂಟು. 1988ರ ಡಿಸೆಂಬರ್‌ನಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಖ್ಹ್ ಅಕಾಡೆಮಿ, ಬರೆದವರ ಮತ್ತು ಕಂಡುಹಿಡಿದವರ ಹಕ್ಕುಗಳಿಗೆ ಶರೀಅತ್‌ನ ರಕ್ಷಣೆ ಇದೆ, ಅವನ್ನು ಉಲ್ಲಂಘಿಸುವಂತಿಲ್ಲ ಎಂದು ನಿರ್ಣಯಿಸಿದೆ. ಮದ್ರಸದಲ್ಲಿ ಹಕ್ಕುಲ್ ಇಬಾದ್ ಎಂದು ಕಲಿತದ್ದು ಅಂಗಡಿಯ ತೂಕಕ್ಕೆ ಮಾತ್ರ ಅಲ್ಲ ಮಾರಾಯ್ರೆ, ಇದಕ್ಕೂ ಅನ್ವಯಿಸುತ್ತದೆ.

ಹಾಗಾದ್ರೆ ಕಾಸಿಲ್ಲದವರು ಎಂತ ಮಾಡುವುದು? ಇಲ್ಲೇ ಸಂತೋಷದ ಸುದ್ದಿ ಇರುವುದು.

ಮೊದಲು ಈ ವಾದ್ಯ ಎಂದರೇನು ನೋಡೋಣ. ಎಫ್‌ಎಲ್ ಸ್ಟುಡಿಯೋ, ಏಬಲ್ಟನ್ ಲೈವ್, ರೀಪರ್ ಇವೆಲ್ಲ ಹಾಡು ಜೋಡಿಸುವ ಮುಖ್ಯ ಸಾಫ್ಟ್‌ವೇರ್‌ಗಳು. ಅವುಗಳ ಒಳಗೆ ಸಿಕ್ಕಿಸುವ ವಾದ್ಯಗಳೇ ಪ್ಲಗಿನ್‌ಗಳು. ಜರ್ಮನಿಯ ಸ್ಟೈನ್‌ಬರ್ಗ್ ಕಂಪೆನಿ 1996ರಲ್ಲಿ ವಿಎಸ್‌ಟಿ ಎಂಬ ವ್ಯವಸ್ಥೆ ತಂದಿತು. 1999ರ ಎರಡನೇ ಆವೃತ್ತಿಯಿಂದ ಅದರಲ್ಲಿ ವಾದ್ಯಗಳನ್ನೂ ನುಡಿಸುವಂತಾಯಿತು. ಅಲ್ಲಿಯವರೆಗೆ ಲಕ್ಷಗಟ್ಟಲೆ ಬೆಲೆಯ ಯಂತ್ರಗಳಿಂದ ಆಗುತ್ತಿದ್ದ ಕೆಲಸ ಮೆಲ್ಲಗೆ ಕಂಪ್ಯೂಟರಿನೊಳಗೆ ಬಂತು.

ಈಗ ಆಯ್ಕೆ. ಇಡಿಎಂನಲ್ಲಿ ಇವತ್ತು ಹೆಚ್ಚು ಕೇಳಿಬರುವ ಹೆಸರು ಸೀರಮ್. 2014ರಲ್ಲಿ ಬಂದ ವೇವ್‌ಟೇಬಲ್ ಸಿಂಥ್ ಇದು. ಎಂದರೆ, ಸಾಲಾಗಿ ಜೋಡಿಸಿದ ಅನೇಕ ಅಲೆಗಳ ನಡುವೆ ಸರಿಯುತ್ತಾ ಶಬ್ದದ ಬಣ್ಣ ಬದಲಿಸುತ್ತದೆ. ಡಬ್‌ಸ್ಟೆಪ್‌ನ ಗುರುಗುಟ್ಟುವ ಬೇಸ್ ಬರುವುದು ಹೀಗೆ. ಅದಕ್ಕೆ ಹಣ ಕೊಡಬೇಕು. ಆದರೆ ಇದೇ ಬಗೆಯ ವೈಟಲ್ ಎಂಬ ಸಿಂಥ್ 2020ರಿಂದ ಉಚಿತವಾಗಿ ಸಿಗುತ್ತದೆ. ಕಾಸು ಕೊಟ್ಟವರಿಗೆ ತಯಾರಿ ಶಬ್ದಗಳು, ವೇವ್‌ಟೇಬಲ್‌ಗಳು ಜಾಸ್ತಿ ಅಷ್ಟೇ, ಶಬ್ದ ಹುಟ್ಟಿಸುವ ಎಂಜಿನ್ ಇಬ್ಬರಿಗೂ ಒಂದೇ. ಇನ್ನೊಂದು ಸರ್ಜ್ ಎಕ್ಸ್‌ಟಿ. ಒಮ್ಮೆ ಮಾರಾಟಕ್ಕಿದ್ದ ಸರ್ಜ್ ಸಿಂಥ್ ಅನ್ನು ಮಾಡಿದವರೇ 2018ರಲ್ಲಿ ಎಲ್ಲರಿಗೂ ಮುಕ್ತ ಮಾಡಿದರು. ಗಂಟೆಯಂಥ ನಾದ, ಹೌಸ್ ಸಂಗೀತದ ಗಟ್ಟಿ ಬೇಸ್ ಬೇಕಾದವರಿಗೆ ಡೆಕ್ಸೆಡ್ ಉಂಟು. ಯಮಹಾ 1983ರಲ್ಲಿ ತಂದ ಡಿಎಕ್ಸ್7 ಕೀಬೋರ್ಡಿನ ಅನುಕರಣೆ ಇದು, ಅದೂ ಉಚಿತ.

ಇಳಿಸುವ ಮುಂಚೆ ಮೂರು ವಿಷಯ ನೋಡಿ. ಒಂದು, ನಿಮ್ಮ ಮುಖ್ಯ ಸಾಫ್ಟ್‌ವೇರ್ ಅದನ್ನು ತೆಗೆದುಕೊಳ್ಳುತ್ತದಾ? ಮ್ಯಾಕ್‌ನ ಲಾಜಿಕ್‌ಗೆ ವಿಎಸ್‌ಟಿ ಆಗುವುದಿಲ್ಲ, ಎಯು ಎಂಬ ಮಾದರಿಯೇ ಬೇಕು. ಎರಡು, ಲ್ಯಾಪ್‌ಟಾಪಿಗೆ ತಾಳುವ ಶಕ್ತಿ ಉಂಟಾ? ಹಳೇ ಲ್ಯಾಪ್‌ಟಾಪಿನಲ್ಲಿ ನಾಲ್ಕು ಕಡೆ ವೈಟಲ್ ಹಾಕಿದರೆ ಶಬ್ದ ತುಂಡು ತುಂಡಾಗುತ್ತದೆ. ಆಗ ನುಡಿಸಿದ ಭಾಗವನ್ನು ಆಡಿಯೋ ಆಗಿ ಬದಲಿಸಿ, ಸಿಂಥ್ ಬಂದ್ ಮಾಡಿ ಮುಂದಕ್ಕೆ ಹೋಗಿ. ಮೂರು, ಹಣ ಕೊಡುವುದಾದರೆ ಮೊದಲು ಟ್ರಯಲ್ ನೋಡಿ. ಎಫ್‌ಎಲ್ ಸ್ಟುಡಿಯೋ ಟ್ರಯಲ್‌ನಲ್ಲಿ ಎಲ್ಲ ಕೆಲಸ ಮಾಡಬಹುದು, ಹಾಡನ್ನು ಹೊರಗೆ ತೆಗೆಯಲೂಬಹುದು. ಸೇವ್ ಮಾಡಿದ ಪ್ರಾಜೆಕ್ಟನ್ನು ಮತ್ತೆ ತೆರೆಯಲು ಮಾತ್ರ ಖರೀದಿಸಬೇಕು. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳಿಗೆ ಮತ್ತೆ ದುಡ್ಡು ಕೊಡಬೇಕಾಗಿಲ್ಲ.

ಎಷ್ಟು ಬೇಕು? ಎರಡು ಮೂರು ಸಾಕು. ಮುಂಬೈಯ ಚರಣ್‌ಜಿತ್ ಸಿಂಗ್ ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹಾಕಿ ಒಂದು ರೆಕಾರ್ಡ್ ತಂದರು. ಬಳಸಿದ್ದು ರೋಲ್ಯಾಂಡ್‌ನ ಮೂರು ಯಂತ್ರ: ತಾಳಕ್ಕೆ ಟಿಆರ್-808, ಬೇಸ್‌ಗೆ ಟಿಬಿ-303, ರಾಗಕ್ಕೆ ಜುಪಿಟರ್-8. ಆಗ ಯಾರೂ ಹೆಚ್ಚು ಗಮನಿಸಲಿಲ್ಲ. 2010ರಲ್ಲಿ ಅದು ಮತ್ತೆ ಹೊರಬಂದಾಗ, ಅಮೆರಿಕದ ಶಿಕಾಗೋದಲ್ಲಿ ಆಸಿಡ್ ಹೌಸ್ ಹುಟ್ಟುವ ಮೊದಲೇ ಇಂಥ ಸದ್ದು ಮುಂಬೈಯಲ್ಲಿ ಇತ್ತಾ ಎಂದು ಜಗತ್ತು ಬೆರಗಾಯಿತು. ಮೂರೇ ಯಂತ್ರ, ಆದರೆ ಮೂರನ್ನೂ ಚೆನ್ನಾಗಿ ಅರಿತಿದ್ದರು. ನಲವತ್ತು ಪ್ಲಗಿನ್ ಇದ್ದಾಗ ನಮ್ಮ ಸಂಜೆಯೆಲ್ಲ ಶಬ್ದ ಹುಡುಕುವುದರಲ್ಲೇ ಮುಗಿಯುತ್ತಿತ್ತು. ಲ್ಯಾಪ್‌ಟಾಪ್ ಪೂರ್ತಿ ಅಳಿಸಿ ವೈಟಲ್ ಒಂದನ್ನೇ ಹಾಕಿದ ಮೇಲೆ ಅದರ ಫಿಲ್ಟರ್ ಎಂತ, ಎನ್ವಲಪ್ ಎಂತ ಎಂದು ಕಲಿಯದೆ ಬೇರೆ ದಾರಿ ಇರಲಿಲ್ಲ. ಮೂರು ತಿಂಗಳಲ್ಲಿ ಬೇಕಾದ ಬೇಸನ್ನು ನಾವೇ ಕಟ್ಟುವಷ್ಟಾಯಿತು.

ಇನ್ನು ಕಂಪೆನಿಯಿಂದ ಕೊಳ್ಳಬೇಕಾಗಿಲ್ಲದ ವಾದ್ಯ ಒಂದು ನಮ್ಮಲ್ಲೇ ಉಂಟು, ದಫ್. ಮಳೆಗಾಲದಲ್ಲಿ ಅದರ ಚರ್ಮ ಸಡಿಲವಾಗಿರುತ್ತದೆ, ಸ್ವಲ್ಪ ಬಿಸಿ ತಾಗಿಸಿ ಬಿಗಿ ಮಾಡಿ. ಹಾಸಿಗೆ, ಬಟ್ಟೆ ತುಂಬಿದ ಕೋಣೆಯಲ್ಲಿ, ಫ್ಯಾನ್ ನಿಲ್ಲಿಸಿ, ಫೋನ್ ಎರಡು ಅಡಿ ದೂರ ಇಟ್ಟು ರೆಕಾರ್ಡ್ ಮಾಡಿ. ಮೆಲ್ಲಗೆ, ಜೋರಾಗಿ, ನಡುವಿಗೆ, ಅಂಚಿಗೆ ಹೀಗೆ ಬೇರೆ ಬೇರೆ ಪೆಟ್ಟು ಬೇಕು. ಅವನ್ನು ತುಂಡರಿಸಿ ಸ್ಯಾಂಪ್ಲರ್‌ಗೆ ಹಾಕಿದರೆ ಕೀಬೋರ್ಡಿನಲ್ಲೇ ದಫ್ ನುಡಿಯುತ್ತದೆ. ಹೌಸ್ ಟ್ರ್ಯಾಕಿನಲ್ಲಿ ನಿಮಿಷಕ್ಕೆ 120ರಿಂದ 130 ಕಿಕ್ ಬೀಳುತ್ತದಲ್ಲ, ಅದರ ತಗ್ಗಿನ ಶಬ್ದದೊಂದಿಗೆ ದಫ್ ಗುದ್ದಾಡದಂತೆ ಈಕ್ಯೂನಲ್ಲಿ 150 ಹರ್ಟ್ಸ್‌ನಿಂದ ಕೆಳಗಿನದ್ದನ್ನು ಕತ್ತರಿಸಿ. ಆಗ ಎರಡೂ ಬೇರೆ ಬೇರೆಯಾಗಿ ಕೇಳುತ್ತವೆ.

ಈಗ ನಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದು ವೈಟಲ್, ಡೆಕ್ಸೆಡ್, ನಾವೇ ರೆಕಾರ್ಡ್ ಮಾಡಿದ ದಫ್. ಮೂವರೂ ಪಾಲು ಹಾಕಿ ಕೊಂಡದ್ದು ಹಾಡು ಜೋಡಿಸುವ ಸಾಫ್ಟ್‌ವೇರ್ ಒಂದು. ಹಿರಿಯರು ಹಾಡಿದ್ದನ್ನು ರೆಕಾರ್ಡ್ ಮಾಡಿದ ದಿನವೇ ಎರಡು ಪ್ರತಿ ತೆಗೆಯುತ್ತೇವೆ: ಒಂದು ಹಾರ್ಡ್‌ಡಿಸ್ಕಿಗೆ, ಇನ್ನೊಂದು ಹಾಡಿದವರ ಮನೆಗೆ. ನಿಮ್ಮ ಮನೆಯಲ್ಲೂ ಹಳೇ ಮದುವೆ ಹಾಡು ಬಲ್ಲ ಉಮ್ಮಂದಿರು ಇದ್ದರೆ, ಸಿಂಥ್ ಹುಡುಕಲು ಕೂರುವ ಮೊದಲು ಅವರ ಹತ್ತಿರ ಫೋನ್ ಹಿಡಿದು ಹೋಗಿ.