ಪರದೆಯಿಂದ ತಪ್ಪಿಸಿದ್ದು ಕಡತದಲ್ಲಿ ಉಳಿಯುತ್ತದೆ

ಪಿಎಚ್‌ಪಿಯಲ್ಲಿ ಡೇಟಾಬೇಸ್ ಜೊತೆ ವ್ಯವಹರಿಸಲು ಬಳಸುವ ಪಿಡಿಒದಲ್ಲಿ ‘ಡಿಬಗ್‌ಡಂಪ್‌ಪ್ಯಾರಾಮ್ಸ್’ ಎಂಬ ಫಂಕ್ಷನ್ ಇದೆ. ಕ್ವೆರಿ ಯಾಕೆ ಕೈಕೊಟ್ಟಿತೆಂದು ಹುಡುಕುವವರಿಗೆ ಅದು ದೊಡ್ಡ ಆಸರೆ. ಆದರೆ ಅದಕ್ಕೊಂದು ವಿಚಿತ್ರ ಚಾಳಿ: ಸಿಕ್ಕ ವಿವರವನ್ನು ಕರೆದವರ ಕೈಗೆ ಕೊಡುವುದಿಲ್ಲ, ನೇರ ಪುಟದ ಮೇಲೆ ಸುರಿಯುತ್ತದೆ. ಗ್ರಾಹಕ ನೋಡುತ್ತಿರುವ ರಸೀದಿಯ ನಡುವೆಯೇ ಎಸ್‌ಕ್ಯೂಎಲ್ ಸಾಲುಗಳು ಬಂದು ಕೂರುತ್ತವೆ. ಇದಕ್ಕೆ ಎಲ್ಲರೂ ಕಲಿತಿರುವ ಉಪಾಯ ಔಟ್‌ಪುಟ್ ಬಫರ್. ‘ಒಬಿ ಸ್ಟಾರ್ಟ್’ ಎಂದು ಬರೆದು ಹೊರಹೋಗುವುದನ್ನು ತಡೆದು, ‘ಒಬಿ ಗೆಟ್ ಕ್ಲೀನ್’ ಎಂದು ಅದನ್ನು ಹಿಡಿದುಕೊಂಡು, ಲಾಗ್ ಕಡತಕ್ಕೆ ಬರೆಯುವುದು. ಪುಟ ಸ್ವಚ್ಛವಾಗುತ್ತದೆ, ಕೆಲಸ ಮುಗಿಯಿತು ಅನ್ನಿಸುತ್ತದೆ.

ನನ್ನ ಆತಂಕ ಇರುವುದು ಇಲ್ಲಿಯೇ. ಪುಟದ ಮೇಲೆ ಬಿದ್ದ ಡಿಬಗ್ ಸಾಲು ಎಲ್ಲರ ಕಣ್ಣಿಗೆ ಬೀಳುತ್ತದೆ, ಮಧ್ಯಾಹ್ನದೊಳಗೆ ಯಾರಾದರೂ ಫೋನ್ ಮಾಡಿ ಬೈಯುತ್ತಾರೆ, ಸಂಜೆಗೆ ಅದು ಹೋಗಿರುತ್ತದೆ. ಕಡತಕ್ಕೆ ಹೋದ ಸಾಲನ್ನು ಕೇಳುವವರಿಲ್ಲ. ಅದು ತಿಂಗಳುಗಟ್ಟಲೆ ಬೆಳೆಯುತ್ತದೆ, ಬ್ಯಾಕಪ್‌ಗೆ ಸೇರುತ್ತದೆ, ಇನ್ನೊಂದು ಸರ್ವರ್‌ಗೆ ನಕಲಾಗುತ್ತದೆ.

ಅದರೊಳಗೆ ಇರುವುದಾದರೂ ಏನು? ಪಿಎಚ್‌ಪಿ 7.2ಕ್ಕೆ ಮೊದಲು ಈ ಫಂಕ್ಷನ್ ತೋರಿಸುತ್ತಿದ್ದುದು ಕ್ವೆರಿಯ ಅಚ್ಚು, ಪ್ಯಾರಾಮೀಟರ್‌ಗಳ ಹೆಸರು ಮತ್ತು ಬಗೆ ಇಷ್ಟೇ. ಅಲ್ಲಿ ತುಂಬಿದ ಮೌಲ್ಯಗಳಲ್ಲ. 2017ರ ಕೊನೆಗೆ ಬಂದ 7.2ರಿಂದ ಅದು ಡೇಟಾಬೇಸ್‌ಗೆ ನಿಜವಾಗಿ ಹೋದ ವಾಕ್ಯವನ್ನೂ ತೋರಿಸುತ್ತದೆ, ಅಚ್ಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಿದ್ದ ಜಾಗದಲ್ಲಿ ಮೌಲ್ಯಗಳನ್ನು ತುಂಬಿ. ಕ್ವೆರಿಯ ಅಚ್ಚನ್ನು ಸಿದ್ಧಪಡಿಸುವ ‘ಪ್ರಿಪೇರ್’ ಹಂತವನ್ನು ಡೇಟಾಬೇಸ್‌ಗೆ ಬಿಡದೆ ಪಿಡಿಒ ತಾನೇ ಅನುಕರಿಸುವಾಗ ಮಾತ್ರ ಹೀಗಾಗುತ್ತದೆ, ನಿಜ. ಆದರೆ ಮೈಎಸ್‌ಕ್ಯೂಎಲ್ ಜೊತೆ ಪಿಡಿಒ ಬಳಸಿದರೆ ಆ ಅನುಕರಣೆಯೇ ಪೂರ್ವನಿಯೋಜಿತ ಸ್ಥಿತಿ. ಅಂದರೆ ಹಳೆಯ ಕೋಡನ್ನು ಮುಟ್ಟದೆ ಪಿಎಚ್‌ಪಿಯನ್ನಷ್ಟೇ ಮೇಲ್ದರ್ಜೆಗೇರಿಸಿದ ತಾಣದಲ್ಲಿ, ನಿನ್ನೆಯವರೆಗೆ ನಿರುಪದ್ರವಿಯಾಗಿದ್ದ ಲಾಗ್ ಇವತ್ತು ಮೊಬೈಲ್ ಸಂಖ್ಯೆ, ವಿಳಾಸ, ಒಟಿಪಿ ಎಲ್ಲವನ್ನೂ ಬರೆದಿಟ್ಟುಕೊಳ್ಳಬಹುದು. ಹೆಚ್ಚು ಮಾಹಿತಿ ಕೊಡಿ ಎಂದು ಪ್ರೋಗ್ರಾಮರ್‌ಗಳೇ ಬಯಸಿದ ಸುಧಾರಣೆ ಇದು, ದೂರಲಾಗದು.

ಬಫರ್ ಉಪಾಯದಲ್ಲೇ ಇನ್ನೊಂದು ಬಿರುಕಿದೆ. ಬಫರ್ ತೆರೆದ ಮೇಲೆ, ಅದನ್ನು ಮುಚ್ಚುವ ಮುನ್ನ ಕ್ವೆರಿ ಓಡಿಸುವ ಸಾಲೂ ಇದ್ದು, ಅಲ್ಲಿ ಯಾರೂ ಹಿಡಿಯದ ಎಕ್ಸೆಪ್ಷನ್ ಎದ್ದಿತು ಅನ್ನಿ. ಸ್ಕ್ರಿಪ್ಟ್ ಮುಗಿಯುವಾಗ ಪಿಎಚ್‌ಪಿ ತೆರೆದಿರುವ ಬಫರ್‌ಗಳನ್ನೆಲ್ಲ ಬ್ರೌಸರ್ ಕಡೆಗೆ ತಳ್ಳಿಬಿಡುತ್ತದೆ. ಎಲ್ಲ ಸರಿಯಿರುವ ದಿನ ಬಾಯಿ ಮುಚ್ಚಿಕೊಂಡಿರುವ ವ್ಯವಸ್ಥೆ, ಏನೋ ಕೆಟ್ಟ ಗಳಿಗೆಯಲ್ಲೇ ಬಾಯಿಬಿಡುತ್ತದೆ. ‘ಫೈನಲಿ’ ಖಂಡದಲ್ಲಿ ಬಫರ್ ಖಾಲಿ ಮಾಡದ ಕೋಡ್ ಇದ್ದರೆ ಇವತ್ತೇ ತಿದ್ದಿ.

ಇದೆಲ್ಲ ಬರಿಯ ಊಹೆಯಲ್ಲ. 2024ರ ಸೆಪ್ಟೆಂಬರ್‌ನಲ್ಲಿ ವರ್ಡ್‌ಪ್ರೆಸ್‌ನ ಲೈಟ್‌ಸ್ಪೀಡ್ ಕ್ಯಾಶ್ ಎಂಬ ಪ್ಲಗಿನ್‌ನಲ್ಲಿ ಒಂದು ದೋಷ ಬೆಳಕಿಗೆ ಬಂತು. ಅದು ಸಿವಿಇ-2024-44000 ಎಂದು ದಾಖಲಾಗಿದೆ. 50 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದ್ದ ಪ್ಲಗಿನ್ ಅದು. ಅದರ ಡಿಬಗ್ ಸೌಲಭ್ಯ ಸರ್ವರ್ ಕಳಿಸುವ ಹೆಡರ್‌ಗಳನ್ನು ‘ಡಬ್ಲ್ಯುಪಿ-ಕಂಟೆಂಟ್’ ಫೋಲ್ಡರ್‌ನ ‘ಡಿಬಗ್ ಡಾಟ್ ಲಾಗ್’ ಕಡತಕ್ಕೆ ಬರೆಯುತ್ತಿತ್ತು. ಲಾಗಿನ್ ಆದವರ ಕುಕೀಗಳೂ ಆ ಹೆಡರ್‌ಗಳಲ್ಲೇ ಇದ್ದವು. ಆ ಕಡತದ ವಿಳಾಸ ಗೊತ್ತಿದ್ದ ಯಾರಾದರೂ (ವರ್ಡ್‌ಪ್ರೆಸ್ ಬಲ್ಲ ಎಲ್ಲರಿಗೂ ಅದು ಗೊತ್ತು) ಬ್ರೌಸರ್‌ನಲ್ಲಿ ಅದನ್ನು ತೆರೆದು, ನಿರ್ವಾಹಕರ ಕುಕೀ ಎತ್ತಿಕೊಂಡು, ಪಾಸ್‌ವರ್ಡ್ ಇಲ್ಲದೆಯೇ ಒಳಹೊಕ್ಕಬಹುದಿತ್ತು. ಡಿಬಗ್ ಗುಂಡಿ ಆರಿಸಿದ್ದರೂ ರಕ್ಷಣೆಯಿರಲಿಲ್ಲ, ಹಿಂದೊಮ್ಮೆ ಹಾಕಿದಾಗ ಬರೆದ ಕಡತ ಅಲ್ಲೇ ಉಳಿದಿದ್ದರೆ ಸಾಕಿತ್ತು. ತಿದ್ದುಪಡಿಯಲ್ಲಿ ಮಾಡಿದ್ದು ಮುಖ್ಯವಾಗಿ ಎರಡು ಕೆಲಸ. ಲಾಗ್ ಕಡತಕ್ಕೆ ಬೇರೆ ಫೋಲ್ಡರ್ ಮತ್ತು ಊಹಿಸಲಾಗದ ಹೆಸರು ಕೊಟ್ಟರು, ಕುಕೀ ಬರೆಯುವುದನ್ನೇ ನಿಲ್ಲಿಸಿದರು. ನನ್ನ ಪ್ರಕಾರ ಎರಡನೆಯದೇ ನಿಜವಾದ ಮದ್ದು.

ಯಾಕೆಂದರೆ ಊಹಿಸಲಾಗದ ಹೆಸರೊಂದೇ ಸಾಲದೆ ಹೋದ ಪ್ರಕರಣವೂ ನಮ್ಮ ಮುಂದಿದೆ. 2020ರ ಡಿಸೆಂಬರ್‌ನಲ್ಲಿ ಈಸಿ ಡಬ್ಲ್ಯುಪಿ ಎಸ್‌ಎಂಟಿಪಿ ಎಂಬ, ಸುಮಾರು 5 ಲಕ್ಷ ತಾಣಗಳಲ್ಲಿದ್ದ ಪ್ಲಗಿನ್‌ನ ಡಿಬಗ್ ಲಾಗ್‌ಗೆ ಅಂಥ ಯಾದೃಚ್ಛಿಕ ಹೆಸರೇ ಇತ್ತು. ಆದರೆ ಆ ಫೋಲ್ಡರ್‌ನಲ್ಲಿ ಇಂಡೆಕ್ಸ್ ಕಡತ ಇರಲಿಲ್ಲ. ಡೈರೆಕ್ಟರಿ ಪಟ್ಟಿ ತೋರಿಸುವ ಸರ್ವರ್‌ಗಳಲ್ಲಿ ಹೆಸರು ತಾನಾಗಿ ಬಯಲಾಯಿತು. ದಾಳಿಕೋರರು ನಿರ್ವಾಹಕರ ಪಾಸ್‌ವರ್ಡ್ ಬದಲಿಸಲು ಕೋರಿಕೆ ಕಳಿಸಿ, ತಾಣ ಹೊರಡಿಸಿದ ಇಮೇಲ್‌ನ ಪೂರ್ತಿ ಪಠ್ಯವನ್ನು, ಅದರಲ್ಲಿನ ಲಿಂಕ್ ಸಮೇತ, ಲಾಗ್‌ನಲ್ಲಿ ಓದಿಕೊಂಡರು.

ಇವೆಲ್ಲ ಸಣ್ಣ ತಾಣಗಳ ಕಥೆ ಎಂದು ತಳ್ಳಿಹಾಕುವಂತಿಲ್ಲ. 2018ರ ಮೇ 3ರಂದು ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಹೇಳಬೇಕಾಯಿತು. ಡೇಟಾಬೇಸ್‌ನಲ್ಲಿ ಅದು ಪಾಸ್‌ವರ್ಡ್‌ಗಳನ್ನು ಬಿಕ್ರಿಪ್ಟ್ ವಿಧಾನದಿಂದ ಗುರುತು ಸಿಗದಂತೆಯೇ ಇಟ್ಟಿತ್ತು, ಆದರೆ ಆ ಪ್ರಕ್ರಿಯೆ ಮುಗಿಯುವ ಮೊದಲೇ ಅವು ಒಳಗಿನ ಲಾಗ್ ಒಂದಕ್ಕೆ ಇದ್ದದ್ದು ಇದ್ದಹಾಗೆ ಹೋಗುತ್ತಿದ್ದವು. ಮರುವರ್ಷ ಫೇಸ್‌ಬುಕ್‌ನ ಸರದಿ. ಕೋಟ್ಯಂತರ ಪಾಸ್‌ವರ್ಡ್‌ಗಳು ಒಳಗಿನ ಸಂಗ್ರಹಗಳಲ್ಲಿ ಓದಬಲ್ಲ ರೂಪದಲ್ಲೇ ಇದ್ದವೆಂದು 2019ರ ಮಾರ್ಚ್‌ನಲ್ಲಿ ಅದು ಒಪ್ಪಿಕೊಂಡಿತು. ಈ ವಿಷಯಕ್ಕೆ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗ 2024ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾಗೆ ವಿಧಿಸಿದ ದಂಡ 9.1 ಕೋಟಿ ಯೂರೊ. ಡೇಟಾಬೇಸ್‌ಗೆ ಎಷ್ಟೇ ಭದ್ರ ಕಾವಲಿದ್ದರೂ ಅದರ ಪಕ್ಕದ ಲಾಗ್‌ಗೆ ಆ ಕಾವಲು ತಾನಾಗಿ ಬರುವುದಿಲ್ಲ.

ಮುಂದಿನ ದಿನಗಳು ಇನ್ನೂ ಬಿಗಡಾಯಿಸಬಹುದು ಎನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಕಾರಣವಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಾಡಬೇಕು. ದಾಳಿಯ ಜಾಡು ಹಿಡಿಯಲು ಅದು ಬೇಕೇ ಬೇಕು, ನನ್ನ ತಕರಾರಿಲ್ಲ. ಆದರೆ ಯಾವುದು ಲಾಗ್, ಯಾವುದು ಡಿಬಗ್ ಕಸ ಎಂದು ವಿಂಗಡಿಸದ ಕಚೇರಿ ಎಲ್ಲವನ್ನೂ ಒಟ್ಟಿಗೆ ಆರು ತಿಂಗಳು ಇಟ್ಟುಕೊಳ್ಳುತ್ತದೆ. ಅತ್ತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸರಿಯಾದ ಭದ್ರತೆ ಇಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶ ಕಲ್ಪಿಸಿದೆ. ಜೊತೆಗೆ ಇಂದಿನ ಲಾಗ್ ಒಂದೇ ಯಂತ್ರದಲ್ಲಿ ಉಳಿಯುವುದಿಲ್ಲ. ಕ್ಲೌಡ್ ಸೇವೆಗೆ ಹರಿಯುತ್ತದೆ, ದೋಷ ಹುಡುಕಲೆಂದು ಎಐ ಚಾಟ್‌ನಲ್ಲೂ ಅಂಟಿಸಲಾಗುತ್ತದೆ. ಆ ಎಐ ಕಂಪನಿಗಳ ಲಾಗ್‌ಗಳಾದರೂ ಭದ್ರವೇ? ಡೀಪ್‌ಸೀಕ್‌ನ ಒಂದು ಡೇಟಾಬೇಸ್ ಬೀಗವಿಲ್ಲದೆ ಬಯಲಲ್ಲಿದ್ದುದನ್ನು 2025ರ ಜನವರಿಯಲ್ಲಿ ವಿಝ್ ಸಂಸ್ಥೆಯ ಸಂಶೋಧಕರು ಕಂಡುಹಿಡಿದರು. ಹತ್ತು ಲಕ್ಷಕ್ಕೂ ಹೆಚ್ಚು ಲಾಗ್ ಸಾಲುಗಳಲ್ಲಿ ಬಳಕೆದಾರರ ಸಂಭಾಷಣೆಗಳೂ ರಹಸ್ಯ ಕೀಲಿಗಳೂ ಇದ್ದವು.

ಉಪಕರಣಗಳೇ ಕಾಪಾಡುತ್ತವೆ ಎಂದು ಕೂರುವಂತಿಲ್ಲ. ಪಿಎಚ್‌ಪಿ 7.4 ಎಕ್ಸೆಪ್ಷನ್ ಜಾಡಿನಿಂದ ಆರ್ಗ್ಯುಮೆಂಟ್‌ಗಳನ್ನು ಬಿಡುವ ಸೆಟ್ಟಿಂಗ್ ತಂದಿತು, 8.2ರಲ್ಲಿ ‘ಸೆನ್ಸಿಟಿವ್ ಪ್ಯಾರಾಮೀಟರ್’ ಗುರುತು ಬಂತು. ಎರಡೂ ಒಳ್ಳೆಯವೇ, ಆದರೆ ನೀವೇ ಬಫರ್‌ನಲ್ಲಿ ಹಿಡಿದು ಬರೆದ ಕ್ವೆರಿಯನ್ನು ಅವು ಮುಟ್ಟುವುದಿಲ್ಲ. ಮೈಎಸ್‌ಕ್ಯೂಎಲ್ ತನ್ನ ಜನರಲ್ ಲಾಗ್‌ನಲ್ಲಿ ಪಾಸ್‌ವರ್ಡ್ ಮರೆಮಾಡುವುದು ತನ್ನದೇ ಖಾತೆಗಳನ್ನು ಸೃಷ್ಟಿಸುವಂಥ ವಾಕ್ಯಗಳಲ್ಲಿ. ನಿಮ್ಮ ಗ್ರಾಹಕರ ಟೇಬಲ್‌ಗೆ ಹೋಗುವ ಮೌಲ್ಯಗಳು ಹಾಗೆಯೇ ದಾಖಲಾಗುತ್ತವೆ. ಪೋಸ್ಟ್‌ಗ್ರೆಸ್ 13ರಿಂದ ಲಾಗ್‌ಗೆ ಹೋಗುವ ಪ್ಯಾರಾಮೀಟರ್‌ಗಳ ಉದ್ದಕ್ಕೆ ಮಿತಿ ಹಾಕಬಹುದು, ಸೊನ್ನೆ ಎಂದಿಟ್ಟರೆ ಮೌಲ್ಯಗಳು ಹೋಗುವುದೇ ಇಲ್ಲ. ಆದರೆ ಆ ಸೊನ್ನೆಯನ್ನು ನೀವೇ ಇಡಬೇಕು.

ಬಹುಪಾಲು ದೋಷ ಹುಡುಕಲು ಮೌಲ್ಯ ಬೇಕಾಗುವುದೇ ಇಲ್ಲ. ಕ್ವೆರಿಯ ಅಚ್ಚು, ಪ್ಯಾರಾಮೀಟರ್‌ನ ಬಗೆ, ಅದರ ಉದ್ದ, ಅದು ನಲ್ ಹೌದೋ ಅಲ್ಲವೋ, ತಗುಲಿದ ಸಮಯ: ಇಷ್ಟು ಬರೆದರೆ ಸಾಕು. ಮೌಲ್ಯವೇ ಬೇಕೆನಿಸಿದರೆ ಪರೀಕ್ಷಾ ಸರ್ವರ್‌ನಲ್ಲಿ, ಕೃತಕ ದತ್ತಾಂಶದ ಮೇಲೆ ನೋಡಿ. ಲಾಗ್ ಕಡತ ವೆಬ್ ಫೋಲ್ಡರ್‌ನ ಹೊರಗಿರಲಿ. ಹಳೆಯ ಕಡತ ಅಳಿಸುವಾಗ ಕಳೆದ ತಿಂಗಳುಗಳ ಬ್ಯಾಕಪ್‌ಗಳಲ್ಲೂ ಅದರ ಪ್ರತಿ ಇದೆಯೇ ಎಂದು ಹುಡುಕಿ, ಅದರೊಳಗೆ ಸಿಕ್ಕ ಪ್ರತಿ ಪಾಸ್‌ವರ್ಡ್, ಪ್ರತಿ ಕೀಲಿ ಈಗಾಗಲೇ ಸೋರಿದೆ ಎಂದೇ ಭಾವಿಸಿ ಬದಲಾಯಿಸಿ.