ಮೊದಲು ಟ್ಯಾಪೆಟ್, ಆಮೇಲೆ ಟೈಮಿಂಗ್

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲಿನ ರಸ್ತೆಗಳಲ್ಲಿ ಹೊಸ ಕಾರುಗಳದ್ದೇ ಓಡಾಟ. ಆದರೆ ಹೊಲ, ದ್ರಾಕ್ಷಿ ತೋಟಗಳ ಈ ಸೀಮೆಯಲ್ಲಿ ಹಳೆಯ ಎಂಜಿನ್‌ಗಳ ಕಾಲ ಇನ್ನೂ ಮುಗಿದಿಲ್ಲ. ಗೊಬ್ಬರ ಹೊರುವ ಮ್ಯಾಸಿ ಟ್ರ್ಯಾಕ್ಟರ್, ಅಪ್ಪ ಓಡಿಸುತ್ತಿದ್ದ ಬುಲೆಟ್, ಮನೆಮಂದಿ ಮಾರಲೊಪ್ಪದ ಅಂಬಾಸಿಡರ್, ಯಾವುದಕ್ಕೂ ಸ್ಕ್ಯಾನರ್ ಚುಚ್ಚಲು ಜಾಗವಿಲ್ಲ. ಇವುಗಳ ರೋಗ ಹಿಡಿಯುವುದು ಮೇಸ್ತ್ರಿಯ ಕಿವಿ, ಬೆರಳು ಮತ್ತು ಸಂದು ಅಳೆಯುವ ಒಂದು ಫೀಲರ್ ಗೇಜ್.

'ಗಾಡಿ ಎಳೀತಾ ಇಲ್ಲಣ್ಣ, ಮಿಸ್ಸಿಂಗ್ ಐತೆ' ಅಂದ ಕೂಡಲೇ ಹೊಸಬರ ಕೈ ಕಾರ್ಬುರೇಟರ್‌ಗೆ ಹೋಗುತ್ತದೆ. ಬಲ್ಲವರು ಅದನ್ನು ಕೊನೆಗೆ ಮುಟ್ಟುತ್ತಾರೆ. ಮೊದಲು ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು), ಆಮೇಲೆ ಪಾಯಿಂಟ್ ಗ್ಯಾಪ್ (ತೆರೆದಾಗ ಕಿಡಿ ಹಾರಿಸುವ ಪಾಯಿಂಟ್‌ಗಳ ನಡುವಿನ ಸಂದು), ಅದಾದ ಮೇಲೆ ಟೈಮಿಂಗ್. ಈ ವಿದ್ಯೆಯ ಜೀವಾಳ ಈ ಸರದಿಯಲ್ಲೇ ಇದೆ. ಪಾಯಿಂಟ್ ಗ್ಯಾಪ್ ಹಿಗ್ಗಿದರೆ ಕಿಡಿ ಬೇಗ ಹಾರುತ್ತದೆ, ಕುಗ್ಗಿದರೆ ತಡವಾಗುತ್ತದೆ. ಹಾಗಾಗಿ ಟೈಮಿಂಗ್ ಕೂರಿಸಿದ ಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ ಕೆಲಸವೆಲ್ಲ ನೀರುಪಾಲು.

ಟ್ಯಾಪೆಟ್ ಲೂಸಾದರೆ ಟಿಕ್ ಟಿಕ್ ಸದ್ದು ಬರುತ್ತದೆ, ಯಾರಿಗಾದರೂ ತಿಳಿಯುತ್ತದೆ. ಕೇಡು ಹೆಚ್ಚು ಟೈಟಾದಾಗ. ವಾಲ್ವ್ ತನ್ನ ಸೀಟಿನೊಳಕ್ಕೆ ಸವೆದು ಇಳಿದಂತೆಲ್ಲ ಗ್ಯಾಪ್ ಕಿರಿದಾಗುತ್ತದೆ, ಎಂಜಿನ್ ಸದ್ದು ಮೆತ್ತಗಾಗುತ್ತದೆ. 'ಈಗ ಸೌಂಡೇ ಇಲ್ಲ' ಎಂದು ಮಾಲೀಕರು ಖುಷಿಪಡುತ್ತಾರೆ. ಆದರೆ ಎಗ್ಸಾಸ್ಟ್ ವಾಲ್ವ್ ತಣ್ಣಗಾಗುವುದು ಸೀಟಿಗೆ ಒತ್ತಿ ಕೂತಾಗ. ಕೂರಲು ಬಿಡುವೇ ಸಿಗದಿದ್ದರೆ ಅದರ ಅಂಚು ಸುಟ್ಟು ಕಂಪ್ರೆಷನ್ ಸೋರುತ್ತದೆ. ಬಿಸಿಯಾದ ಗಾಡಿ ನಿಲ್ಲಿಸಿದ ಮೇಲೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತಿದ್ದರೆ ಅನುಮಾನ ಮೊದಲು ಇಲ್ಲಿಗೇ ಹೋಗಬೇಕು.

ಅಂಬಾಸಿಡರ್‌ನ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್‌ಗೆ ಗ್ಯಾಪ್ 0.38 ಮಿ.ಮೀ. ಇದಕ್ಕೊಂದು ಒಂಬತ್ತರ ಲೆಕ್ಕವಿದೆ: 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದನ್ನು ಸೆಟ್ ಮಾಡಬೇಕು, 6 ತೆರೆದಾಗ 3, 4 ತೆರೆದಾಗ 5. ಕೂಡಿದರೆ ಯಾವಾಗಲೂ ಒಂಬತ್ತು. ಎಷ್ಟು ಚೆಂದದ ಸೂತ್ರ! ಪುಸ್ತಕ ತೆಗೆಯದೆ ಎಂಟೂ ವಾಲ್ವ್ ಮುಗಿಯುತ್ತವೆ. ಗೇಜ್ ಸರಿಯಾಗಿ ಆಡಿದರೂ ಸದ್ದು ಹೋಗದಿದ್ದರೆ ರಾಕರ್ ಬಿಚ್ಚಿ ಅದರ ತುದಿ ನೋಡಬೇಕು. ಸವೆದು ಗುಳಿ ಬಿದ್ದಿದ್ದರೆ ಗೇಜ್‌ನ ಪಟ್ಟಿ ಗುಳಿಯ ಮೇಲೆ ಅಡ್ಡ ಕೂತು ಸುಳ್ಳು ಅಳತೆ ತೋರಿಸುತ್ತದೆ.

ಹಳೆಯ ಕಬ್ಬಿಣದ ಬ್ಯಾರಲ್‌ನ ಬುಲೆಟ್‌ಗೆ ಗೇಜ್ ಕೂಡ ಬೇಡ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಕಂಪ್ರೆಷನ್ನಿನಲ್ಲಿ ಪಿಸ್ಟನ್ ಮೇಲಕ್ಕೆ ತಂದು, ಬಲಬದಿಯ ಮುಚ್ಚಳ ಬಿಚ್ಚಿ, ಪುಷ್ ರಾಡನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಬೇಕು. ಅದು ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ಲಾಕ್ ನಟ್ ಬಿಗಿ ಮಾಡುವಾಗಲೇ ಸೆಟ್ಟಿಂಗ್ ಕೊಂಚ ಜರುಗುವುದುಂಟು, ಆದ್ದರಿಂದ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ತಿರುಗಿಸಿ ನೋಡದೆ ಮುಚ್ಚಳ ಹಾಕುವುದು ತಪ್ಪು.

ಇನ್ನು ಟೈಮಿಂಗ್. ಅಡ್ವಾನ್ಸ್ ಹೆಚ್ಚಾದರೆ ಕಿಕ್ ವಾಪಸ್ ಹೊಡೆಯುತ್ತದೆ, ಏರಿನಲ್ಲಿ ನಾಕಿಂಗ್ ಶುರುವಾಗುತ್ತದೆ. ರಿಟಾರ್ಡ್ ಆದರೆ ಪಿಕಪ್ ಸತ್ತು ಎಂಜಿನ್ ಕಾಯುತ್ತದೆ. ಬುಲೆಟ್‌ನ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಅದನ್ನಿಟ್ಟ ಮೇಲೆ ಸಿಗರೇಟಿನ ತೆಳು ಕಾಗದವನ್ನು ಪಾಯಿಂಟ್‌ಗಳ ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತ ಎಂಜಿನ್ ತಿರುಗಿಸುತ್ತಾರೆ. ಕಾಗದ ಸಡಿಲಗೊಂಡು ಕೈಗೆ ಬಂದ ಗಳಿಗೆಯೇ ಕಿಡಿ ಹಾರುವ ಗಳಿಗೆ.

ಅಂಬಾಸಿಡರ್‌ನಲ್ಲಿ ಟೈಮಿಂಗ್ ಎಷ್ಟು ಕೂರಿಸಿದರೂ ನಿಲ್ಲದಿದ್ದರೆ ಚೈನ್ ಜೋಲು ಬಿದ್ದಿರಬಹುದು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಕ್ರ್ಯಾಂಕನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿದರೆ ಸಾಕು. ಕ್ರ್ಯಾಂಕ್ ತಿರುಗಿದರೂ ಒಳಗಿನ ರೋಟರ್ ಕದಲದೆ ಕಾಯುತ್ತಿದ್ದರೆ ಚೈನ್ ಬದಲಿಸದೆ ಬೇರೆ ದಾರಿಯಿಲ್ಲ.

ಡೀಸೆಲ್ ಟ್ರ್ಯಾಕ್ಟರ್‌ನಲ್ಲಿ ಪಾಯಿಂಟ್ ಇಲ್ಲ, ಪಂಪಿನದೇ ಟೈಮಿಂಗ್. ಮಿಸ್ಸಿಂಗ್ ಇದ್ದರೆ ಒಂದೊಂದೇ ನಾಜಲ್‌ನ ಪೈಪ್ ನಟ್ ಸಡಿಲಿಸುತ್ತ ಹೋಗುತ್ತಾರೆ. ಸಡಿಲಿಸಿದಾಗ ಎಂಜಿನ್ ಸದ್ದು ಬದಲಾಗದಿದ್ದರೆ ಕೆಲಸ ಮಾಡದೆ ಕೂತ ಸಿಲಿಂಡರ್ ಅದೇ. ಚಿಮ್ಮುವ ಡೀಸೆಲ್‌ಗೆ ಬರಿಗೈ ಒಡ್ಡಲೇಬಾರದು, ಆ ಒತ್ತಡಕ್ಕೆ ಅದು ಚರ್ಮ ಸೀಳಿ ಒಳಹೋಗುತ್ತದೆ. ಮ್ಯಾಸಿಗಳಲ್ಲಿ ಕಾಣುವ ಪರ್ಕಿನ್ಸ್ ಮೂಲದ ಮೂರು ಸಿಲಿಂಡರ್ ಎಂಜಿನ್‌ಗೆ ತಣ್ಣಗಿದ್ದಾಗ ಟ್ಯಾಪೆಟ್ 0.30 ಮಿ.ಮೀ.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಆಮೇಲೆ ಬಂದ ಕೆಲವು ಬುಲೆಟ್‌ಗಳಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಇದ್ದು, ಅವುಗಳಿಗೆ ಈ ಕೆಲಸವೇ ಬೇಕಿಲ್ಲ. ಐಟಿಐಗಳಲ್ಲಿ ಎರಡು ವರ್ಷದ ಮೋಟಾರು ಮೆಕ್ಯಾನಿಕ್ ಓದಿ ಬರುವ ಹುಡುಗರು ಈ ವಿದ್ಯೆಯನ್ನು ಹಳೆಯ ಮೇಸ್ತ್ರಿಗಳ ಪಕ್ಕದಲ್ಲಿ ನಿಂತು ಕಲಿತರೆ ಚೆನ್ನ. ಗಾಡಿ ಇರುವವರು ಮಾಡಬೇಕಾದದ್ದು ಇಷ್ಟು: ನಿಮ್ಮ ಎಂಜಿನ್‌ನ ಅಳತೆ ಬಿಸಿಯದೋ ತಣ್ಣನೆಯದೋ ಕೇಳಿ ತಿಳಿಯಿರಿ. ತಣ್ಣನೆಯದಾದರೆ ಸಂಜೆಯೇ ಗಾಡಿ ಬಿಟ್ಟು ಬನ್ನಿ, ಟ್ಯಾಪೆಟ್ ಕವರ್‌ಗೆ ಹೊಸ ಪ್ಯಾಕಿಂಗ್ ತಂದುಕೊಡಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಸೆಟ್ಟಿಂಗ್ ಮಾಡಿಸಿ.